ಕಿವಿಯ ಕಾವಲು

ಮನೆ, ಅಡುಗೆಮನೆಯ ಮೇಜು
ಭಾನುವಾರ, ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಗುಂಡನಿಗೆ,

ಹೇಗಿದ್ದೀಯಪ್ಪ? ಮೊಣಕಾಲು ಏನನ್ನುತ್ತದೆ? ಆ ಕಬ್ಬಿಣದ ಏಣಿಗಳನ್ನು ದಿನಕ್ಕೆಷ್ಟು ಸಲ ಹತ್ತಿ ಇಳಿಯುತ್ತೀಯೋ, ನೆನೆಸಿಕೊಂಡರೆ ನನ್ನ ಮಂಡಿಯೇ ನೋಯುತ್ತದೆ. ಕಳೆದ ಸಲ ಫೋನಿನಲ್ಲಿ ಎಂಜಿನ್ನಿನ ಗದ್ದಲದ ನಡುವೆ ನಿನ್ನ ಮಾತು ಅರ್ಧ ಕೇಳಿಸಿತು, ಇನ್ನರ್ಧ ನಾನೇ ಊಹಿಸಿಕೊಂಡೆ. ಹಲ್ಲು ನೋವು ಅಂದ ಹಾಗಿತ್ತು. ಹಲ್ಲೇ ಆಗಿದ್ದರೆ ಅಲ್ಲಿ ಯಾರ ಕೈಗೂ ಬಾಯಿ ಕೊಡಬೇಡ, ದಡಕ್ಕೆ ಬಂದಾಗ ನಮ್ಮ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಐವತ್ತರ ಹತ್ತಿರ ಬಂದ ಗಂಡಸನ್ನು, ಅದೂ ಹಡಗಿನ ಎಂಜಿನ್ ನೋಡಿಕೊಳ್ಳುವವನನ್ನು, ಇನ್ನೂ ಗುಂಡ ಅನ್ನುತ್ತೀಯಲ್ಲ ಎಂದು ನಿನ್ನ ಭಾವ ಈಗ ಭುಜದ ಮೇಲಿಂದ ಇಣುಕಿ ಹೇಳಿ ಹೋದರು. ಗೌರವವನ್ನು ಹಡಗಿನವರ ಹತ್ತಿರ ತೆಗೆದುಕೋ. ನಿನಗೆ ಚಡ್ಡಿ ಹಾಕಿಸಿದವಳಿಂದ ಅದನ್ನೆಲ್ಲ ನಿರೀಕ್ಷಿಸಬೇಡ.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಭಾವನ ಶಾಲಾ ಬಸ್ಸಿಗೆ ಹೊಸ ಸೀಟು ಹಾಕಿಸಿದ್ದಾರೆ, ಮಕ್ಕಳಿಗಿಂತ ಹೆಚ್ಚಾಗಿ ಅವರೇ ಅದರ ಮೇಲೆ ಕೂತು ಕುಣಿದು ನೋಡುತ್ತಾರೆ. ಲಿಫ್ಟು ಕೆಟ್ಟು ನಿಂತಿದೆ, ಮೇಲಿನ ಮಹಡಿಯವರು ತರಕಾರಿ ಚೀಲ ಹೊತ್ತು ನಮ್ಮ ಬಾಗಿಲ ಮುಂದೆ ನಿಂತು ಉಸಿರುಬಿಟ್ಟು ಹೋಗುತ್ತಾರೆ. ಆದರೆ ಇದಕ್ಕಾಗಿ ಕಾಗದ ಬರೆಯಲು ಕೂತವಳಲ್ಲ ನಾನು. ಹೇಳಬೇಕಾದ ಸುದ್ದಿ ಸಣ್ಣದು, ನನಗೆ ಮಾತ್ರ ಬೆಟ್ಟದಷ್ಟು. ಗುಂಡ, ನನಗೆ ನಿದ್ದೆ ಬರುತ್ತಿದೆ.

ನಗಬೇಡ. ನಿನಗೆ ಇದರಲ್ಲಿ ಸ್ವಲ್ಪ ಗೊತ್ತು, ಬಹಳ ಗೊತ್ತಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ಪರವಾಗಿಲ್ಲ ಎಂದು ಹೇಳಿ ನಾನೇ ಬಾಯಿ ಮುಚ್ಚಿಸಿದ್ದೆ. ಅಮ್ಮನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ಆ ವರ್ಷಗಳಲ್ಲಿ ಹಗಲಿಗೆ ದಾದಿ ಇದ್ದಳು, ರಾತ್ರಿಗೆ ನಾನಿದ್ದೆ. ಮಾತು ನಿಂತುಹೋಗಿತ್ತಲ್ಲ, ಏನು ಬೇಕಾದರೂ ಅಮ್ಮ ಚಮಚದಿಂದ ಮಂಚದ ಕಂಬಿಗೆ ಬಡಿಯುತ್ತಿದ್ದಳು. ನೀರಿಗೆ ಒಂದು ಬಗೆ, ಮಗ್ಗುಲು ಬದಲಿಸುವುದಕ್ಕೆ ಇನ್ನೊಂದು ಬಗೆ, ಸುಮ್ಮನೆ ನಾನಿದ್ದೇನೋ ಇಲ್ಲವೋ ಎಂದು ನೋಡುವುದಕ್ಕೆ ಮತ್ತೊಂದು. ಆ ಮೂರನೆಯದು ಬಹಳ ಮೆಲ್ಲಗೆ ಇರುತ್ತಿತ್ತು. ಅದು ಕೇಳಿಸದೆ ಹೋದೀತು ಎಂದು ನನ್ನ ಕಿವಿ ನಿದ್ದೆಯಲ್ಲೂ ಎದ್ದು ಕೂತಿರುತ್ತಿತ್ತು. ಅಮ್ಮ ಹೋದಳು. ಚಮಚ ತೊಳೆದು ಬೇರೆ ಚಮಚಗಳ ಜೊತೆ ಇಟ್ಟೆ. ಇನ್ನು ಮೇಲಾದರೂ ನಿದ್ದೆ ಮಾಡು ಎಂದು ಬಂದವರೆಲ್ಲ ಬೆನ್ನು ಸವರಿ ಹೋದರು, ನಾನೂ ಹಾಗೇ ಅಂದುಕೊಂಡೆ. ಆದರೆ ರೆಪ್ಪೆಗೆ ರೆಪ್ಪೆ ಅಂಟಲಿಲ್ಲ. ದುಃಖಕ್ಕೆ ಹಾಗಾಗುತ್ತದೆ ಎಂದು ಮೊದಲ ತಿಂಗಳು ಸುಮ್ಮನಿದ್ದೆ. ಆಮೇಲೆ ವರ್ಷ ಕಳೆಯಿತು, ಮತ್ತೊಂದು ಕಳೆಯಿತು. ದುಃಖ ಮೆತ್ತಗಾಯಿತು, ಅಮ್ಮನನ್ನು ನೆನೆದು ನಗುವಷ್ಟಾಯಿತು. ನಿದ್ದೆ ಮಾತ್ರ ಮುನಿಸಿಕೊಂಡ ನೆಂಟರ ಹಾಗೆ ಹೊಸಿಲಿನವರೆಗೆ ಬಂದು ತಿರುಗಿ ಹೋಗುತ್ತಿತ್ತು.

ಮಾಡದ ಉಪಾಯವಿಲ್ಲ. ಬಿಸಿ ಹಾಲು ಕುಡಿದೆ, ಅದರಿಂದ ಎರಡು ಸಲ ಬಚ್ಚಲಿಗೆ ಏಳುವ ಕೆಲಸ ಸೇರಿತು. ಅಂಗಾಲಿಗೆ ಎಣ್ಣೆ ತಿಕ್ಕಿಕೊಂಡೆ, ಹಾಸಿಗೆಯ ಬಟ್ಟೆಯೆಲ್ಲ ಜಿಡ್ಡಾಯಿತು. ಭಾವ ಎಲ್ಲಿಂದಲೋ ಒಂದು ದಿಂಬು ತಂದರು. ಒಳಗೆ ಯಾವುದೋ ಒಣಗಿದ ಹೂವು ತುಂಬಿದ್ದಾರೆ, ತಲೆಯಿಟ್ಟರೆ ಸಾಕು ನಿದ್ದೆ ಎಂದು ಅಂಗಡಿಯವನು ಹೇಳಿದ್ದನಂತೆ. ತಲೆಯಿಟ್ಟ ಭಾವನೇ ಗೊರಕೆ ಹೊಡೆದರು, ನನಗೆ ಸೀನು ಬಂತು. ಮೇಲಿನ ಮಹಡಿಯ ಹೆಂಗಸು ಸಮುದ್ರದ ಅಲೆಗಳ ಸದ್ದನ್ನು ಫೋನಿನಲ್ಲಿ ಹಾಕಿಕೊಂಡು ಮಲಗಿ ಅಂದಳು. ಹಾಕಿಕೊಂಡೆ ಮಾರಾಯ, ಅಲೆ ಕೇಳಿದ ತಕ್ಷಣ ನಿನ್ನ ನೆನಪಾಗಿ, ಎಲ್ಲಿದ್ದಾನೋ, ಗಾಳಿ ಹೇಗಿದೆಯೋ ಎಂದು ಇದ್ದ ಮಂಪರೂ ಹಾರಿಹೋಯಿತು. ಕೊನೆಗೆ ನಮ್ಮ ಬೀದಿಯ ಡಾಕ್ಟರು ಮಾತ್ರೆ ಕೊಟ್ಟರು. ಮೊದಮೊದಲು ಕಲ್ಲಿನಂತೆ ಬಿದ್ದುಕೊಂಡೆ. ಆದರೆ ಎದ್ದಾಗ ಮಲಗಿ ಎದ್ದ ಹಾಗಿರಲಿಲ್ಲ, ಯಾರೋ ನನ್ನನ್ನು ಬೇರೆ ಕಡೆ ಇಟ್ಟಿದ್ದು ಮತ್ತೆ ತಂದಿಟ್ಟ ಹಾಗಿತ್ತು. ಬರಬರುತ್ತಾ ಮಾತ್ರೆಯೂ ಸಾಲದಾಯಿತು. ಬಿಡೋಣ ಎಂದರೆ ಬಿಟ್ಟ ರಾತ್ರಿ ಇನ್ನೂ ಕೆಟ್ಟದಾಗಿರುತ್ತಿತ್ತು.

ನನ್ನ ಕೆಲಸ ನಿನಗೆ ಗೊತ್ತಲ್ಲ, ಕಟ್ಟುಹಲ್ಲಿನ ಲ್ಯಾಬಿನಲ್ಲಿ ಮೇಣದ ಮೇಲೆ ಹಲ್ಲು ಜೋಡಿಸುವುದು. ಒಂದೊಂದು ಹಲ್ಲನ್ನೂ ಕೂದಲೆಳೆಯಷ್ಟು ಒಳಗೆ, ಕೂದಲೆಳೆಯಷ್ಟು ಹೊರಗೆ ಸರಿಸಿ, ಕಚ್ಚಿದರೆ ಮೇಲಿನದು ಕೆಳಗಿನದರ ಮೇಲೆ ಸರಿಯಾಗಿ ಕೂರುವ ಹಾಗೆ ನೋಡಬೇಕು. ನಿದ್ದೆಗೆಟ್ಟ ಕಣ್ಣಿಗೆ ಎಲ್ಲ ಹಲ್ಲೂ ನೆಟ್ಟಗೇ ಕಾಣುತ್ತವೆ. ಹಿಂದೆ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದ ಮುದುಕರೊಬ್ಬರಿಗೆ ನಾನು ಮಾಡಿದ ಸೆಟ್ಟಿನಲ್ಲಿ ಮುಂದಿನ ಹಲ್ಲುಗಳು ಎಲ್ಲಿಗೆ ಬರಬೇಕೋ ಅಲ್ಲಿಗೆ ಬಂದಿರಲಿಲ್ಲ. ಅವರು ಹಳೆಯ ಸಹೋದ್ಯೋಗಿಗಳ ಕೂಟದಲ್ಲಿ ನಾಲ್ಕು ಮಾತಾಡಲು ಎದ್ದು ನಿಂತು ನಮಸ್ಕಾರ ಅಂದರೆ ಸಿಳ್ಳೆ ಹೊಡೆದ ಹಾಗಾಯಿತಂತೆ. ಸಭೆ ಬಿದ್ದು ಬಿದ್ದು ನಕ್ಕಿತಂತೆ, ಪುಣ್ಯಕ್ಕೆ ಅವರೂ ನಕ್ಕರು. ಮರುದಿನ ನಮ್ಮ ಲ್ಯಾಬಿಗೇ ಬಂದು ಆ ಸಿಳ್ಳೆಯನ್ನು ಎಲ್ಲರಿಗೂ ಕೇಳಿಸಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ, ಆಮೇಲೆ ಕೈತೊಳೆಯುವ ತೊಟ್ಟಿಯ ಹತ್ತಿರ ನಿಂತು ಅತ್ತೆ. ಲ್ಯಾಬಿನ ಯಜಮಾನರು ಆ ಸೆಟ್ಟನ್ನು ಬಿಚ್ಚಿ ಬೇರೆಯವಳಿಗೆ ಕೊಟ್ಟರು. ಅಷ್ಟೇ ಆಗಿದ್ದರೆ ನಾನು ಹೇಗೋ ತಳ್ಳಿಕೊಂಡು ಹೋಗುತ್ತಿದ್ದೆನೇನೋ.

ಆಮೇಲೊಂದು ಮಧ್ಯಾಹ್ನ ಸ್ಪಿರಿಟ್ ದೀಪದ ಮೇಲೆ ಮೇಣದ ಚಾಕು ಕಾಯಿಸುತ್ತಾ ಕೂತಿದ್ದೆ. ಕಣ್ಣು ಮುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಪಕ್ಕದ ಮೇಜಿನಲ್ಲಿ ಪಾಲಿಶ್ ಮಾಡುವವಳು ಪ್ಲಾಸ್ಟರಿನ ನೀರನ್ನು ನನ್ನ ತೋಳಿನ ಮೇಲೆ ಸುರಿದಾಗ. ಕೋಟಿನ ತೋಳು ಮೊಣಕೈಯವರೆಗೆ ಸುಟ್ಟು ಕಪ್ಪಾಗಿತ್ತು. ಚರ್ಮಕ್ಕೆ ಹೆಚ್ಚೇನೂ ಆಗಲಿಲ್ಲ, ಗಾಬರಿಯಾಗಬೇಡ, ಈಗ ಗುರುತೂ ಇಲ್ಲ. ಬಿಳಿ ಪ್ಲಾಸ್ಟರ್ ಮೆತ್ತಿಕೊಂಡು ಗೋಡೆಗೆ ಸುಣ್ಣ ಬಳಿಯುವವಳ ಹಾಗೆ ಕೂತವಳ ಎದುರಿಗೆ ಯಜಮಾನರು ಕುರ್ಚಿ ಎಳೆದುಕೊಂಡು ಕೂತರು. "ಅಮ್ಮಾ, ನಿಮ್ಮ ಕೈ ನನಗೆ ಬೇಕು," ಅಂದರು. "ಆದ್ರೆ ದೀಪದ ಹತ್ರ ಮಾತ್ರ ಇನ್ನು ಕೂರಿಸೋಕೆ ನಂಗೆ ಧೈರ್ಯ ಇಲ್ಲ. ನಿದ್ದೆದು ಸರಿ ಮಾಡ್ಕೊಂಡು ಬನ್ನಿ, ನಿಮ್ಮ ಜಾಗ ಇಲ್ಲೇ ಇರತ್ತೆ." ಅಂದಿನಿಂದ ನನ್ನನ್ನು ಅಚ್ಚಿಗೆ ಪ್ಲಾಸ್ಟರ್ ಸುರಿಯುವ ಕೆಲಸಕ್ಕೆ ಹಾಕಿದರು. ಅವರು ಮಾಡಿದ್ದು ಸರಿಯೇ. ಆದರೆ ಇಡೀ ಆಯುಷ್ಯ ಕಲಿತ ಕೈಯನ್ನು ಮಡಚಿ ಬದಿಗಿಟ್ಟ ಹಾಗೆ ನನಗೆ ಅನ್ನಿಸಿತು. ಭಾವನಿಗೆ ಬೇರೆ ಭಯ. ತಾವು ಅಷ್ಟು ಮಕ್ಕಳನ್ನು ಕೂರಿಸಿಕೊಂಡು ಬಸ್ಸು ಓಡಿಸುವವರು, ನನ್ನ ಹೊರಳಾಟದಿಂದ ಅವರ ನಿದ್ದೆಯೂ ಹಾಳಾಗುತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ. ಆ ಸಂಜೆ ಮಾತ್ರ ತೋಳಿಗೆ ಮುಲಾಮು ಹಚ್ಚುತ್ತಾ, ನಾಳೆ ರಜೆ ಹಾಕ್ತೀನಿ, ದೊಡ್ಡಾಸ್ಪತ್ರೆಗೆ ಹೋಗೋಣ ಅಂದರು. ಕೇಳಿದ್ದಲ್ಲ, ಹೇಳಿದ್ದು.

ಅಲ್ಲಿ ನಿದ್ದೆಗೇ ಒಬ್ಬ ಡಾಕ್ಟರಿದ್ದಾರೆ ಗುಂಡ, ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಕಾಯುವ ಕೋಣೆಯ ತುಂಬ ನನ್ನಂಥವರೇ. ಎಲ್ಲರ ಕಣ್ಣೂ ಕೆಂಪು, ಎಲ್ಲರೂ ಆಕಳಿಸುವವರು, ಒಬ್ಬರ ಆಕಳಿಕೆ ಇನ್ನೊಬ್ಬರಿಗೆ ಅಂಟಿಕೊಂಡು ಸಾಲು ಸಾಲಾಗಿ ಬಾಯಿ ತೆರೆಯುತ್ತಿದ್ದರು. ಅಷ್ಟು ಬಾಯಿ ಒಟ್ಟಿಗೆ ತೆರೆದದ್ದನ್ನು ನೋಡಿ ನಾನು ಸುಮ್ಮನೆ ಹಲ್ಲು ಪರೀಕ್ಷೆ ಮಾಡುತ್ತಾ ಕೂತೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಉಸಿರು ಕಟ್ಟುತ್ತದೆಯೇ, ಕಾಲು ಸೆಳೆಯುತ್ತದೆಯೇ ಎಂದು ಕೇಳಿದರು, ಯಾವುದೂ ಇಲ್ಲ ಎಂದು ಖಾತ್ರಿಯಾದ ಮೇಲೆ ಅಮ್ಮನ ಕತೆ ಕೇಳಿದರು. ನಾನು ಚಮಚದ ಸದ್ದಿನ ಬಗ್ಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಈಗ ಎಲ್ಲಿ ಮಲಗುತ್ತೀರಿ ಎಂದು ಕೇಳಿದರು. ನಡುಮನೆಯಲ್ಲಿ, ಅಮ್ಮನ ಕೋಣೆಯ ಬಾಗಿಲ ಪಕ್ಕದ ಮಡಚುವ ಮಂಚದ ಮೇಲೆ, ಅಂದೆ. ಅದರಲ್ಲಿ ವಿಶೇಷ ಏನಿದೆ ಎಂದು ನನಗೆ ಅನ್ನಿಸಿಯೂ ಇರಲಿಲ್ಲ. ಭಾವನಿಗೆ ನನ್ನ ಹೊರಳಾಟದಿಂದ ತೊಂದರೆ ಬೇಡವೆಂದು ನಾನು ಅಲ್ಲೇ ಉಳಿದುಬಿಟ್ಟಿದ್ದೆ. ನಡುವಿನ ಬಾಗಿಲು ತೆರೆದೇ ಇರುವುದರಿಂದ ಅವರಿಗೆ ಎಲ್ಲವೂ ಕೇಳಿಸುತ್ತಲೇ ಇತ್ತು ಅನ್ನುವುದು ಬೇರೆ ಮಾತು. ಡಾಕ್ಟರು ಭಾವನ ಕಡೆ ನೋಡಿದರು. ಭಾವ ನೆಲ ನೋಡುತ್ತಿದ್ದರು.

"ನೋಡಿ," ಅಂದರು ಡಾಕ್ಟರು, "ನಿಮಗೆ ನಿದ್ದೆ ಮಾಡೋಕೆ ಬರಲ್ಲ ಅಂತ ಅಲ್ಲ. ಕಾವಲು ಮುಗೀತು ಅಂತ ನಿಮ್ಮ ಮೈಗೆ ಇನ್ನೂ ಯಾರೂ ಹೇಳಿಲ್ಲ. ಅದು ಇವತ್ತಿಗೂ ಬಾಗಿಲ ಹತ್ರಾನೇ ಮಲಗಿದೆ."

ಮಾತ್ರೆ ಬರೆದುಕೊಡುತ್ತಾರೆ ಎಂದು ಹೋದವಳಿಗೆ ಅವರು ಕೊಟ್ಟದ್ದು ಪಥ್ಯ. ಹಾಸಿಗೆ ನಿದ್ದೆಗೆ ಮಾತ್ರ, ಯೋಚನೆ ಮಾಡುವುದಕ್ಕಲ್ಲ. ಕಣ್ಣು ಎಳೆಯುವ ತನಕ, ಅವರು ಹೇಳಿದ ಹೊತ್ತಿನ ತನಕ, ಹಾಸಿಗೆಯ ಹತ್ತಿರವೂ ಸುಳಿಯಬಾರದು. ಹೋಗಿ ಮಲಗಿದ ಮೇಲೆ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಏನಾದರೂ ಸಪ್ಪೆ ಕೆಲಸ ಮಾಡಬೇಕು, ತೂಕಡಿಕೆ ಬಂದರೆ ಮಾತ್ರ ವಾಪಸ್ಸು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಒಂದೇ, ಎದ್ದ ಕೂಡಲೇ ಬೆಳಕಿಗೆ ಹೋಗಿ ನಡೆಯಬೇಕು. ಹಗಲು ಮಲಗುವ ಮಾತೇ ಇಲ್ಲ. ಗಡಿಯಾರದ ಮುಖ ಗೋಡೆಗೆ. ಮಾತ್ರೆಯನ್ನು ನಾನಾಗಿ ಬಿಡಬಾರದು, ಅವರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಇದೆಲ್ಲ ಮಾಡಿದರೆ ಮೊದಲು ಇನ್ನೂ ಕಷ್ಟವಾಗುತ್ತದೆ, ಆ ದಿನಗಳಲ್ಲಿ ದೀಪದ ಹತ್ತಿರ ಕೂರಬೇಡಿ, ಆಮೇಲೆ ಸರಿಹೋಗುತ್ತದೆ ಅಂದರು. ಹೊರಗೆ ಬಂದ ಮೇಲೆ ನನಗೆ ಮೈಯೆಲ್ಲ ಉರಿಯಿತು. ಹಸಿವು ಎಂದು ಹೋದವಳಿಗೆ ಉಪವಾಸ ಮಾಡು ಅಂದ ಹಾಗಾಯಿತು ಎಂದು ದಾರಿಯುದ್ದಕ್ಕೂ ಗೊಣಗಿದೆ. ಭಾವ ಮನೆಗೆ ಬಂದವರೇ ಉಪಕರಣದ ಪೆಟ್ಟಿಗೆ ತೆಗೆದು, ನಡುಮನೆಯ ಮಂಚದ ಪಕ್ಕ ಮಂಡಿಯೂರಿ ಕೂತು ಒಂದೊಂದೇ ತಿರುಪು ಬಿಚ್ಚತೊಡಗಿದರು. ತುಕ್ಕು ಹಿಡಿದಿತ್ತು, ಕೈ ತರಚಿತು, ನಿಲ್ಲಿಸಲಿಲ್ಲ. ಮಂಚದ ಕಾಲು ಕಂಬಿಗಳನ್ನೆಲ್ಲ ಒಟ್ಟಿಗೆ ಕಟ್ಟಿ ಕೆಳಗಿನ ಗುಜರಿಯವನಿಗೆ ಕೊಟ್ಟು ಬಂದು, ಬಾಗಿಲಲ್ಲಿ ನಿಂತೇ ಹೇಳಿದರು, "ನಿನ್ನ ಜಾಗ ಅಲ್ಲಲ್ಲ ಕಣೆ. ನಾನೇ ಎಂದೋ ಹೇಳ್ಬೇಕಿತ್ತು." ನಾನು ಅವರ ಕೈಗೆ ಅದೇ ಸುಟ್ಟಗಾಯದ ಮುಲಾಮು ಹಚ್ಚಿದೆ.

ಆಮೇಲಿನ ವಾರಗಳನ್ನು ಬರೆದರೆ ನಿನಗೆ ನಗು ಬರುತ್ತದೆ, ಆಗ ನನಗೆ ಬರಲಿಲ್ಲ. ನನ್ನನ್ನು ಎಚ್ಚರವಾಗಿಡುವ ಜವಾಬ್ದಾರಿ ತಮ್ಮದು ಎಂದು ಭಾವ ಪಣ ತೊಟ್ಟರು. ಊಟವಾದ ಮೇಲೆ ಕೇರಂ ಹಲಗೆ ಹಾಕುತ್ತಿದ್ದರು. ಎರಡು ಕಾಯಿ ಹೊಡೆಯುವಷ್ಟರಲ್ಲಿ ಅವರ ತಲೆ ಎದೆಯ ಮೇಲೆ ಬೀಳುತ್ತಿತ್ತು, ಸ್ಟ್ರೈಕರ್ ಕೈಯಲ್ಲೇ ಇರುತ್ತಿತ್ತು. ಅವರನ್ನು ಎಬ್ಬಿಸಿ ಎಬ್ಬಿಸಿ ನನಗೆ ಎಚ್ಚರವಾಗಿರುವುದು ಸುಲಭವಾಯಿತು ಅನ್ನಬೇಕು. ಸಪ್ಪೆ ಕೆಲಸ ಎಂದು ಬಟ್ಟೆ ಒಗೆಯುವ ಯಂತ್ರದ ಜೊತೆ ಬಂದಿದ್ದ ಸೂಚನೆಗಳ ಪುಸ್ತಕ ಓದುತ್ತಿದ್ದೆ. ಈಗ ನಮ್ಮ ಯಂತ್ರಕ್ಕೆ ಏನಾದರೂ ಆದರೆ ಕಂಪನಿಯವರು ಬರುವುದೇ ಬೇಡ. ಬೆಳಿಗ್ಗೆ ಬೆಳಕು ಹರಿಯುತ್ತಿದ್ದ ಹಾಗೆ ಭಾವನ ಜೊತೆ ಬಸ್ಸು ನಿಲ್ಲಿಸುವ ಶೆಡ್ಡಿನವರೆಗೆ ನಡೆದು ಹೋಗಿ ಒಬ್ಬಳೇ ವಾಪಸ್ಸು ಬರುತ್ತಿದ್ದೆ. ಮಧ್ಯಾಹ್ನಗಳು ಮಾತ್ರ ನರಕ. ನಿಂತಲ್ಲೇ ಮೈ ತೂಗುತ್ತಿತ್ತು, ಪ್ಲಾಸ್ಟರ್ ಕಲಸುವಾಗ ಅದು ಮೆತ್ತನೆಯ ದಿಂಬಿನ ಹಾಗೆ ಕಾಣುತ್ತಿತ್ತು.

ಒಂದು ದಿನ ಕೆಲಸದಿಂದ ಬರುವಾಗ ನನ್ನ ಕೈಲಾಗುವುದಿಲ್ಲ ಅನ್ನಿಸಿಬಿಟ್ಟಿತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಅಳುತ್ತಾ ಡಾಕ್ಟರಿಗೆ ಫೋನ್ ಮಾಡಿ, ಹಳೆಯ ಮಾತ್ರೆಯನ್ನೇ ಪೂರ್ತಿ ಕೊಟ್ಟುಬಿಡಿ, ನನಗೆ ಇದು ಬೇಡ ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, ಬೇಕಿದ್ದರೆ ನಿಲ್ಲಿಸೋಣ, ಅದು ಸೋಲಲ್ಲ ಅಂದರು. ಆಮೇಲೆ ಈಗ ಹಾಸಿಗೆಗೆ ಹೋದ ಮೇಲೆ ಏನಾಗುತ್ತಿದೆ ಎಂದು ಕೇಳಿದರು. ಹೇಳಲು ಹೋಗಿ ನಾನೇ ತಡೆದೆ. ಹಿಂದಿನ ರಾತ್ರಿ ಹಾಸಿಗೆಗೆ ಹೋದದ್ದು ನೆನಪಿತ್ತು, ಆಮೇಲಿನದು ನೆನಪಿರಲಿಲ್ಲ. ಹೊರಳಿದ್ದೂ ಇಲ್ಲ, ಯೋಚಿಸಿದ್ದೂ ಇಲ್ಲ. ನಿದ್ದೆ ಕಡಿಮೆಯೇ, ಆದರೆ ಇದ್ದಷ್ಟು ಗಟ್ಟಿಯಾಗಿತ್ತು. "ಅದೇ ಬೇಕಾಗಿದ್ದು," ಅಂದರು ಅವರು. "ಇನ್ನು ಸ್ವಲ್ಪ ಸ್ವಲ್ಪಾನೇ ಹೊತ್ತು ಹೆಚ್ಚಿಸ್ತಾ ಹೋಗೋಣ." ಬಸ್ಸು ಬಂದು ಹೋಗಿತ್ತು. ನಾನು ಕಣ್ಣೊರೆಸಿಕೊಂಡು ನಡೆದೇ ಮನೆಗೆ ಬಂದೆ.

ಅದಾಗಿ ಎಷ್ಟು ದಿನವೋ ಲೆಕ್ಕ ಇಡಲಿಲ್ಲ, ಒಂದು ಬೆಳಿಗ್ಗೆ ಏನೋ ಕರ್ಕಶವಾಗಿ ಕೂಗಿತು. ಬೆಂಕಿ ಬಿತ್ತೇನೋ ಎಂದು ಗಾಬರಿಯಿಂದ ಎದ್ದು ಕೂತೆ. ಪಕ್ಕದಲ್ಲಿ ಭಾವನೂ ಎದ್ದು ಕೂತರು. ಅಲಾರಾಂ ಅದು. ಎಷ್ಟೋ ವರ್ಷಗಳಿಂದ ಅದು ಬಡಿಯುವ ಮೊದಲೇ ಕಾದು ಕೂತು ನಾನೇ ಆರಿಸುತ್ತಿದ್ದೆನಾದ್ದರಿಂದ ಅದರ ದನಿಯೇ ನನಗೆ ಮರೆತುಹೋಗಿತ್ತು. "ಅಲಾರಾಂ ನಿನ್ನನ್ನ ಎಬ್ಬಿಸ್ತಾ?" ಎಂದು ಭಾವ ಕೇಳಿದರು. ಹೌದು ಅಂದೆ. ಅವರು ಅದನ್ನು ಆರಿಸದೆ ಹಾಗೇ ಕೂಗಲು ಬಿಟ್ಟರು, ನಾವಿಬ್ಬರೂ ಹುಚ್ಚರ ಹಾಗೆ ಕೂತು ಕೇಳಿದೆವು. ಮೇಲಿನ ಮಹಡಿಯವಳು ನೆಲ ಕುಟ್ಟಿದ ಮೇಲೆ ಆರಿಸಿದೆವು.

ಈಗ ಎಲ್ಲ ರಾತ್ರಿಯೂ ಹಾಗೇ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಮ್ಮೊಮ್ಮೆ ಕಣ್ಣು ಬಿಟ್ಟುಕೊಂಡೇ ಇರುತ್ತೇನೆ. ಆದರೆ ಮೊದಲಿನ ಹೆದರಿಕೆ ಇಲ್ಲ. ಎದ್ದು ಹೋಗಿ ಅಡುಗೆಮನೆಯಲ್ಲಿ ಕೂರುತ್ತೇನೆ, ಬಂದರೆ ಬರಲಿ, ಬಾರದಿದ್ದರೆ ನಾಳೆ ಬರುತ್ತದೆ. ಮಾತ್ರೆ ಪೂರ್ತಿ ನಿಂತಿದೆ. ಹೋದ ವಾರ ಯಜಮಾನರು ನನ್ನ ಹಳೆಯ ಮೇಜಿನ ಮೇಲೆ ದೀಪ ಹಚ್ಚಿಟ್ಟು ಹೋದರು. ಮೇಣ ಬಿಸಿಯಾದ ವಾಸನೆ ಮೂಗಿಗೆ ಬಂದಾಗ ಕೋಟಿನ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿಕೊಂಡೆ. ಮೊದಲ ಸೆಟ್ಟು ಮುಗಿಸಿ, ಬಾಯಿಯ ಹಾಗೆ ತೆರೆದು ಮುಚ್ಚುವ ನಮ್ಮ ಹಿತ್ತಾಳೆಯ ಯಂತ್ರದಲ್ಲಿ ಇಟ್ಟು ಕಚ್ಚಿಸಿ ನೋಡಿದೆ. ಮೇಲಿನ ಹಲ್ಲಿಗೂ ಕೆಳಗಿನದಕ್ಕೂ ನಡುವೆ ಎಲ್ಲೂ ಬೆಳಕು ಹಾಯಲಿಲ್ಲ. ಅಮ್ಮನ ಕೋಣೆಗೆ ತಿಳಿ ಹಳದಿ ಬಣ್ಣ ಹೊಡೆಸಿದ್ದೇವೆ, ಬೆಳಿಗ್ಗೆ ಬಿಸಿಲು ಬಿದ್ದರೆ ಬಹಳ ಚಂದ. ನೀನು ಬಂದಾಗ ನಿನಗೆ ಅದೇ ಕೋಣೆ.

ಹೊಟ್ಟೆ ತುಂಬ ಉಣ್ಣು, ಮೊಣಕಾಲಿಗೆ ಪಟ್ಟಿ ಕಟ್ಟಿಕೋ, ಏಣಿ ಇಳಿಯುವಾಗ ಅವಸರ ಬೇಡ. ನಿನ್ನ ಭಾವ ನೆನೆದಿದ್ದಾರೆ, ಕೇರಂನಲ್ಲಿ ನಿನ್ನನ್ನು ಸೋಲಿಸುತ್ತೇನೆ ಎಂದು ಹೇಳಲು ಹೇಳಿದ್ದಾರೆ, ನಂಬಬೇಡ. ಎಲ್ಲಿದ್ದರೂ ತಣ್ಣಗಿರು, ನೂರು ಕಾಲ ಬಾಳು.

ನಿನ್ನ
ಅಕ್ಕ

ಮ.ವಿ.: ಮರೆತಿದ್ದೆ ಎಂದು ಬರೆಯಲು ಹೊರಟೆ, ಮರೆತಿರಲಿಲ್ಲ. ನೀನು ಕೊಟ್ಟು ಕಳಿಸಿದ ಕಂಬಳಿಯನ್ನು ನಿಮ್ಮ ಹಡಗಿನ ಅಡುಗೆಯವನು ರಜೆಗೆ ಬಂದಾಗ ತಂದುಕೊಟ್ಟ. ಒಳ್ಳೆಯ ಮನುಷ್ಯ, ಅವನ ಮೇಲೆ ಕೋಪಿಸಿಕೊಳ್ಳಬೇಡ. ಟೀ ಕುಡಿಯುತ್ತಾ ಮಾತಿಗೆ ಮಾತು ಬಂದು ಹೇಳಿದ, "ಅಮ್ಮ ಹೋದ್ಮೇಲಿಂದ ಅಣ್ಣ ರಾತ್ರಿ ಮಲಗೋದೇ ಕಮ್ಮಿ. ಪಾಳಿ ಇಲ್ದಿದ್ರೂ ಫೋನ್ ಮುಂದಿಟ್ಕೊಂಡು ಕೂತಿರ್ತಾರೆ." ನನಗೆ ತಿಳಿಯಿತು ಗುಂಡ. ಅಮ್ಮ ಹೋದ ಆ ರಾತ್ರಿ ಫೋನು ಮಾಡಿ ನಿದ್ದೆಯಿಂದ ನಿನ್ನನ್ನು ಎಬ್ಬಿಸಿ ಸುದ್ದಿ ಹೇಳಿದವಳು ನಾನೇ. ಇನ್ನು ಅಂಥ ಫೋನು ಬರುವುದಿಲ್ಲ ಕಣೋ. ನಮಗೆ ಇದ್ದದ್ದು ಒಬ್ಬಳೇ ಅಮ್ಮ. ಡಾಕ್ಟರಿಗೆ ನಿನ್ನ ವಿಷಯ ಹೇಳಿದ್ದೇನೆ, ಫೋನಿನಲ್ಲೂ ನೋಡುತ್ತಾರಂತೆ, ಅವರ ನಂಬರು ಕಾಗದದ ಹಿಂದೆ ಬರೆದಿದ್ದೇನೆ. ಹಗಲಲ್ಲಿ ಮಾಡು. ನಿನ್ನ ಫೋನನ್ನು ರಾತ್ರಿ ಆ ಅಡುಗೆಯವನ ಕೈಗೆ ಕೊಟ್ಟು ಮಲಗು, ಅವನ ಹತ್ತಿರ ಮಾತಾಡಿದ್ದೇನೆ, ಇಟ್ಟುಕೊಳ್ಳುತ್ತೇನೆ ಅಂದಿದ್ದಾನೆ. ಈ ಕಾಗದಕ್ಕೆ ಉತ್ತರ ಬರೆಯುವುದಿದ್ದರೆ ಬೆಳಿಗ್ಗೆ ಎದ್ದ ಮೇಲೆ ಬರೆ.